ಅಳಿಸಿಹಾಕಿದ ಸಾಲು

ಪೆಟ್ಟು ತಿಂದವರು ಹೂಗ್ಯಂನಲ್ಲಿ ಗುತ್ತಿಗೆ ಹೊಲ ಮಾಡುವ ಚಿಕ್ಕಮಾದಮ್ಮ. ಪಟ್ಟಿ ತಿದ್ದಿದವರಿಗಾಗಲಿ, ಬಾಯಿ ಮುಚ್ಚಿಕೊಂಡ ನನಗಾಗಲಿ ಒಂದು ಕಾಳೂ ನಷ್ಟವಾಗಲಿಲ್ಲ.

ಪವಾಡಗಳನ್ನು ನಾನು ನಂಬಿದವನಲ್ಲ. ಹನೂರು, ಕೊಳ್ಳೇಗಾಲ, ಯಳಂದೂರಿನ ಊರೂರು ಸುತ್ತಿ ಅವುಗಳ ವಿರುದ್ಧ ಮಾತನಾಡಿದವನು. ಮುಂದಿನದನ್ನು ಓದುಗರು ನಂಬದಿದ್ದರೆ ನನ್ನ ಆಕ್ಷೇಪವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಣ್ಣ ಬೆಳೆಗಾರರ ಸಂಘಕ್ಕೆ, ಆನೆ ತಡೆಯುವ ಹತ್ತು ಸೋಲಾರ್ ಬೇಲಿಗಳು ದಾನವಾಗಿ ಬಂದವು. ಬೇಡಿದವರು ಅರವತ್ತು ಮಂದಿ. ಚೀಟಿ ಎತ್ತಿದರೆ ಮಡಿಸಿದ ಕೈಯ ಮೇಲೆ ಅನುಮಾನ. ಯಂತ್ರಕ್ಕೆ ಜಾತಿಯಿಲ್ಲ, ನೆಂಟರಿಲ್ಲ ಎಂದು ವಾದಿಸಿ, ಹೆಸರುಗಳ ಕಡತದಿಂದ ಯಾವುದಾದರೊಂದು ಸಾಲನ್ನು ತಾನಾಗಿ ಆರಿಸುವ ಕಂಪ್ಯೂಟರ್ ಸ್ಕ್ರಿಪ್ಟನ್ನು ನಾನೇ ಬರೆದೆ. ಹೆಸರುಗಳನ್ನು ಟೈಪು ಮಾಡಿದವನು ಸಂಘದ ಕಾರ್ಯದರ್ಶಿ. ಎಷ್ಟೋ ಧರಣಿಗಳಲ್ಲಿ ನನ್ನ ಪಕ್ಕ ಕೂತ ಕಿರಿಯ ಗೆಳೆಯ.

ರಾಮಾಪುರದಲ್ಲಿ, ಹಾಡುಹಗಲಲ್ಲಿ, ಎಲ್ಲರೆದುರು ಕೀಲಿ ಒತ್ತಿದೆ. ಏಳನೆಯ ಸಲ ಪರದೆಯ ಮೇಲೆ ಮೂಡಿತು: ಚಿಕ್ಕಮಾದಮ್ಮ, ಹೂಗ್ಯಂ.

"ನಂದೇ ಕಣ್ರವ್ವಾ, ನನ್ ಎಸ್ರೇಯಾ!" ಆಕೆ ಎದ್ದು ನಿಂತರು.

ಕಾರ್ಯದರ್ಶಿ ನನ್ನತ್ತ ಬಗ್ಗಿದ. "ಬರಾಕಿಲ್ಲ ಸಾ, ಆ ಎಸ್ರೇ ಇಲ್ಲ ಅದ್ರಲ್ಲಿ" ಎಂದು ನನ್ನ ಕಿವಿಯಲ್ಲಿ ಬಾಯಿತಪ್ಪಿ ಅಂದುಬಿಟ್ಟ.

ಕಡತ ತೆರೆದು ಹುಡುಕಿದೆ. ನಿಜಕ್ಕೂ ಇರಲಿಲ್ಲ. ತಮ್ಮ ಹೆಸರಿನಲ್ಲಿ ಪಹಣಿಯಿಲ್ಲದ ಹೆಂಗಸರನ್ನೆಲ್ಲ ಸಂಘದ ಅಧ್ಯಕ್ಷರ ಮಾತಿನಂತೆ ಹಿಂದಿನ ದಿನವೇ ಅಳಿಸಿದ್ದಾಗಿ ಅವನೇ ನನ್ನೊಬ್ಬನೆದುರು ಒಪ್ಪಿಕೊಂಡ. ಸ್ಕ್ರಿಪ್ಟು ಓದುವುದು ಆ ಒಂದು ಕಡತವನ್ನು ಮಾತ್ರ. ಅಲ್ಲಿಲ್ಲದ ಸಾಲನ್ನು ಎಲ್ಲಿಂದ ತಂದಿತು?

"ಮಿಸಿನ್ ಕೆಟ್ಟದೆ" ಎಂದು ಸಾರಿದ ಅಧ್ಯಕ್ಷರು ಇನ್ನೊಮ್ಮೆ ಒತ್ತಿಸಿದರು. ಬೇಲಿ ಬೇರೆಯವರ ಪಾಲಾಯಿತು. ಮೈಕಿನತ್ತ ಹೊರಟ ನನ್ನನ್ನು ಗೆಳೆಯ ತಡೆದು ನಕ್ಕ: "ಇಲ್ದಿರೋ ಎಸ್ರು ತಾನಾಗೇ ಬಂತು ಅಂತ ಏಳಿ ಸಾ. ಪವಾಡದ ಸ್ವಾಮ್ಯಾರು ಅಂತ ನಿಮ್ಗೇ ಆರ ಆಕ್ತೀವಿ."

ನಾನು ಕೂತುಬಿಟ್ಟೆ. ಪವಾಡ ಬದಿಗಿರಲಿ, ಹೆಸರು ಅಳಿಸಿದ್ದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಆ ವಾರವೇ ಆನೆಗಳು ಆಕೆಯ ಮುಸುಕಿನ ಜೋಳವನ್ನು ತುಳಿದು ನೆಲಸಮ ಮಾಡಿದವು. ನೋಡಲು ಹೋದಾಗ ಆಕೆ ಬೈಯಲಿಲ್ಲ. "ಮಿಸಿನ್ನೇ ನನ್ ಎಸ್ರ ಏಳ್ತು. ನೀವ್ಯಾಕ್ ಏಳ್ನಿಲ್ಲ ಸಾ?" ಎಂದರು.

ಅನಂತರ ಅದೇ ಕಡತದ ಮೇಲೆ ಆ ಸ್ಕ್ರಿಪ್ಟನ್ನು ನೂರಾರು ಬಾರಿ ಓಡಿಸಿದ್ದೇನೆ. ಆ ಹೆಸರು ಮತ್ತೆ ಬಂದಿಲ್ಲ. ಅಂದು ಹೇಗೆ ಬಂತೋ ನಾನರಿಯೆ. ಹೇಗೆ ಹೋಯಿತೆಂಬುದನ್ನು ಬಲ್ಲೆ. ಅಧ್ಯಕ್ಷರೇ, ಕಾರ್ಯದರ್ಶಿಗಳೇ, ನೀವು ಅಳಿಸಿದ ಅಷ್ಟೂ ಹೆಂಗಸರ ಹೆಸರುಗಳನ್ನು ಸಂಘದ ಬಾಗಿಲಿಗೆ ಅಂಟಿಸಿ. ಈ ಮುಂಗಾರಿನ ಬಿತ್ತನೆಗೆ ಮುನ್ನ ಚಿಕ್ಕಮಾದಮ್ಮನವರ ಹೊಲಕ್ಕೆ ಬೇಲಿ ಹಾಕಿಸಿ.