ಬೀಜದ ಗಡಿಗೆಗೆ ಬಟಾಣಿ ಹಿಟ್ಟು

ಕಾಲುವೆ ಬಂದ ಮೇಲೆ ಶಹಾಪುರದ ಕಡೆ ನಮ್ಮೂರಿನವರೆಲ್ಲ ಭತ್ತಕ್ಕೆ ಇಳಿದರು. ನಮ್ಮ ಸೋದರತ್ತೆಯ ಎರೆ ಹೊಲ ಮಾತ್ರ ದಿಬ್ಬದ ಮೇಲಿತ್ತು, ನೀರು ಹತ್ತಲಿಲ್ಲ. ಆಕೆ ಹಿಂಗಾರಿಗೆ ಬಿಳಿಜೋಳವನ್ನೇ ಬಿತ್ತುತ್ತಿದ್ದಳು. ಊರಲ್ಲಿ ಆ ಬೀಜ ಉಳಿದದ್ದು ಆಕೆಯ ಗಡಿಗೆಯಲ್ಲಿ ಮಾತ್ರ.

ಹಿಂದಿನ ವರ್ಷ ನುಸಿ ಬಿದ್ದು ಅರ್ಧಕ್ಕರ್ಧ ಕಾಳು ಟೊಳ್ಳಾಗಿದ್ದವು. ಇನ್ನೊಂದು ಸಲ ಹಾಗಾದರೆ ಬೀಜ ಅಲ್ಲಿಗೇ ಮುಗಿಯುತ್ತಿತ್ತು. ಸುಗ್ಗಿಯಾದ ಕೂಡಲೇ ನಾನು ಶಹಾಪುರದಿಂದ ಹುಳ ಕೊಲ್ಲುವ ಪುಡಿ ತಂದುಕೊಟ್ಟೆ. ಅತ್ತೆ ಪೊಟ್ಟಣ ಮುಟ್ಟಲಿಲ್ಲ.

"ಬಿತ್ತಿ ಉಳಿದದ್ದು ಏನ್ ಮಾಡ್ಲೋ, ಶ್ಯಾಣ್ಯಾ? ನಿನಗ ರೊಟ್ಟಿ ಮಾಡಿ ಹಾಕ್ಲೇನು?"

ನಮ್ಮಲ್ಲಿ ಬಿತ್ತಿ ಉಳಿದ ಬೀಜವನ್ನು ಮತ್ತೆ ಗಡಿಗೆಗೆ ಸುರಿಯುವುದಿಲ್ಲ. ಅಂದೇ ಬೀಸಿ, ರೊಟ್ಟಿ ಬಡಿದು, ಕೂರಿಗೆಯ ಹಿಂದೆ ಬೀಜ ಬಿಟ್ಟ ಹೆಣ್ಣುಮಕ್ಕಳಿಗೆ ಮೊದಲು ಕೊಡಬೇಕು. ವಿಷ ತರುವಾಗ ನನಗದು ಹೊಳೆದೇ ಇರಲಿಲ್ಲ.

ಸುರಪುರದಲ್ಲಿ ರೈತರಿಗೆ ತರಬೇತಿ ಇದೆಯೆಂದು ತಿಳಿದು ಅತ್ತೆಯನ್ನು ಕರೆದೊಯ್ದೆ. ಪಾಠ ಹೇಳುತ್ತಿದ್ದ ಮೇಡಂ, ಒಣ ಬಟಾಣಿ ಬೀಸಿ ಆ ಹಿಟ್ಟನ್ನು ಜೋಳಕ್ಕೆ ಬೆರೆಸಿಡಿ ಎಂದರು.

"ನುಸಿಗಿ ಬರೇ ಜೋಳ ಸಾಲಂಗಿಲ್ಲಂತ ಬ್ಯಾಳಿನೂ ಹಾಕೂದೇನ್ರಿ?" ಎಂದಳು ಅತ್ತೆ.

ಮೇಡಂ ನಕ್ಕರು. "ಬಟಾಣ್ಯಾಗ ಒಂದು ಪ್ರೋಟೀನು ಇರ್ತದ್ರಿ ಅಮ್ಮಾ. ನುಸಿಗಿ ಅದು ಹೊಟ್ಟಿಬ್ಯಾನಿ. ತಿನ್ನೂದ ಬಿಟ್ಟು ಹೊಂಡ್ತಾವ. ಆದ್ರ ಕಾಳು ಖಡಕ್ ಒಣಗಿರಬೇಕು."

"ಮನಷ್ಯಾರು ತಿಂದ್ರ?"

"ಬೇಯ್ಸಿ ತಿಂದ್ರ ಏನೂ ಆಗಂಗಿಲ್ರಿ."

ಅತ್ತೆ ಒಪ್ಪಿದ್ದು ಆ ಕೊನೆಯ ಮಾತಿಗೆ. ಮೂರು ದಿನ ಮಾಳಿಗೆಯ ಮೇಲೆ ಜೋಳ ಒಣಗಿಸಿದಳು. ಬೀಸುಕಲ್ಲಿನಲ್ಲಿ ಬಟಾಣಿ ಬೀಸಿ, ಎರಡು ಮುಷ್ಟಿ ಹಿಟ್ಟು ಕಲಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದಳು. ಮಳೆಗಾಲದಲ್ಲಿ ಪ್ರತಿ ಅಮಾವಾಸ್ಯೆಗೆ ಬಿಚ್ಚಿ, ಮೊಳಕೈತನಕ ಕೈ ಇಳಿಸಿ ನೋಡುತ್ತಿದ್ದಳು. ಶ್ರಾವಣದಲ್ಲಿ ನಾಲ್ಕಾರು ನುಸಿ ಬಟ್ಟೆಯ ಒಳಮೈಗೆ ಅಂಟಿಕೊಂಡಿದ್ದವು.

"ನೋಡಿಲ್ಲಿ, ಊಟ ಸೇರದೆ ಹೊಂಟಾವ," ಎಂದು ಬಟ್ಟೆ ಝಾಡಿಸಿದಳು.

ಬಿತ್ತುವ ಮುಂಚೆ ಇಪ್ಪತ್ತು ಕಾಳನ್ನು ಹಸಿ ಬಟ್ಟೆಯಲ್ಲಿ ಸುತ್ತಿಟ್ಟೆವು. ಮೂರು ಬಿಟ್ಟು ಉಳಿದವೆಲ್ಲ ಮೊಳೆತಿದ್ದವು. ಆ ಮೂರನ್ನೂ ಒಡೆದು, ಒಳಗೆ ನುಸಿ ಇಲ್ಲವೆಂದು ನೋಡಿದ ಮೇಲೆಯೇ ಅತ್ತೆಗೆ ಸಮಾಧಾನ.

ಬಿತ್ತಿಗೆಯ ಸಂಜೆ ಉಳಿದ ಜೋಳವನ್ನು ಮೊರದಲ್ಲಿ ಕೇರಿ, ಬೀಸಿ, ರೊಟ್ಟಿ ಬಡಿದಳು. ಬೀಜ ಬಿಟ್ಟವರಲ್ಲೊಬ್ಬಳು ಮೂಸಿ ನೋಡಿ, "ಯಕ್ಕಾ, ರೊಟ್ಟ್ಯಾಗ ಬಜಿ ವಾಸನಿ ಬರಾಕತ್ತದ," ಎಂದಳು.

"ಪುಗಸಟ್ಟೆ ಬಜಿ, ತಿನ್ನು," ಎಂದಳು ಅತ್ತೆ.

ನನ್ನ ಪಾಲಿಗೆ ಬಂದದ್ದು ಕೊನೆಯ, ಅಂಚು ಸುಟ್ಟ ರೊಟ್ಟಿ. ವಿಷದ ಪುಡಿ ತಂದವನಿಗೆ ಅದೇ ಸಾಕೆಂದು ಆಕೆಯ ಲೆಕ್ಕ.