ಸೂಜಿ ಪೋಣಿಸಿದರೆ ಬೈಕಿನ ಚಾವಿ

ಕಳೆದ ಭಾನುವಾರ ಮಧ್ಯಾಹ್ನ ಮಮದಾಪುರದಲ್ಲಿ ಕೂಸಿನ ಮೊದಲ ಕೂದಲು ತೆಗೆಸುವ ಜವಳದ ಊಟ ಮುಗಿದ ಮೇಲೆ, ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಹದಿನೆಂಟರ ಮೊಮ್ಮಗ ಸಿದ್ದುವಿನ ಬೈಕ್ ಚಾವಿ ಕಸಿದುಕೊಂಡರು. ಅವನು ಕಬಡ್ಡಿ ನೋಡಲು ಹುಕ್ಕೇರಿಗೆ ಹೊರಟಿದ್ದ. ಬಾಯಿಂದ ಬಿಯರ್ ವಾಸನೆ ಬರುತ್ತಿತ್ತು. ಕೌದಿ ಹೊಲಿಯುತ್ತಿದ್ದ ಅಜ್ಜಿ ಸೂಜಿ ದಾರವನ್ನು ಅವನ ಮುಂದೆ ಹಿಡಿದರು.

"ಇದನ್ನ ಪೋಣಿಸು, ಚಾವಿ ಒಯ್ಯಿ."

ಮೂರು ಸಲ ಸೋತ ಸಿದ್ದು, "ತೂತ ಭಾಳ ಸಣ್ಣದೈತಿ, ಆಯಿ" ಎಂದ.

"ಕಬ್ಬಿನ ಟ್ರ್ಯಾಕ್ಟರ್ ಬಾಜೂಕ ಸಂದಿನೂ ಇಷ್ಟ ಇರತೈತಿ. ಅದರಾಗ ಹ್ಯಾಂಗ ತೂರತಿ?"

ಜೊತೆಗೆ ಕುಡಿದಿದ್ದ ಅವನ ಕಾಕಾ ನಗುತ್ತಾ ನಡುವೆ ಬಂದ. "ದೊಡ್ಡಾಂವ ಆಗ್ಯಾನಂತ ನಾನ ಅವಂಗ ಒಂದ ಗ್ಲಾಸ್ ಹಾಕಿ ಕೊಟ್ಟೀನಿ, ಬಿಡ ಯವ್ವಾ."

"ಹಂಗಾರ ನೀ ಪೋಣಿಸು."

ಕಾಕಾ ಬೆರಳಿಗೆ ಚುಚ್ಚಿಕೊಂಡ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವನ ಬೈಕಿನ ಚಾವಿಯೂ ಅಜ್ಜಿಯ ಸಂಚಿ ಸೇರಿತು. ಸಿದ್ದು ಬಸ್ಸಿನಲ್ಲಿ ಹೋದ.

ಮರುದಿನ ಬೆಳಿಗ್ಗೆ ಸಿದ್ದು ಒಂದೇ ಸಲಕ್ಕೆ ಪೋಣಿಸಿ ಚಾವಿ ಪಡೆದ. ಏನೂ ಕುಡಿಯದೆ ಬಂದ ಕಾಕಾನಿಗೆ ಮಾತ್ರ ಆಗಲಿಲ್ಲ. ಗೋಕಾಕದ ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟಿದ್ದಾರೆ. ಅದು ಇನ್ನೂ ಬಂದಿಲ್ಲ. ಅವನ ಬೈಕ್ ಅಜ್ಜಿಯ ಅಂಗಳದಲ್ಲೇ ನಿಂತಿದೆ.