ಏಳನೆಯ ಚಾಕು

ನನ್ನ ತಮ್ಮ ಒಣಕಟ್ಟಿಗೆಯಂಥ ಮನುಷ್ಯ. ನಿಯಮವೊಂದು ಸಿಕ್ಕರೆ ಅವನಿಗೆ ರಕ್ತಸಂಬಂಧವೂ ಬೇಕಿಲ್ಲ. ಇದು ಕೋಪದ ಮಾತಲ್ಲ, ಅವನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿ ಕೊಟ್ಟ ತೀರ್ಪು.

ಅವನು ಮಡಚುವ ಚಾಕುಗಳ ಕಾರ್ಖಾನೆಯಲ್ಲಿ ಜೋಡಣೆಯ ಕೆಲಸದವನು. ಯಾವುದಾದರೂ ಮಾದರಿಯನ್ನು ನಿಲ್ಲಿಸಿದಾಗ ಗೋದಾಮಿನಲ್ಲಿ ಒಂದಿಷ್ಟು ಹಿಡಿ, ಅಲಗು, ಸ್ಪ್ರಿಂಗುಗಳು ಉಳಿಯುತ್ತವೆ. ಒಂದರ ಹಿಡಿಗೆ ಇನ್ನೊಂದರ ಅಲಗನ್ನು ಅರದಿಂದ ಉಜ್ಜಿ ಹೊಂದಿಸಿ, ಸಾಮಾನು ಮುಗಿಯುವವರೆಗೂ ಅವನು ಚಾಕು ಮಾಡುತ್ತಾನೆ. ಪ್ರತಿಯೊಂದರ ಬುಡಕ್ಕೂ ಅಚ್ಚಿಟ್ಟು, ಸುತ್ತಿಗೆಯಿಂದ ಬಡಿದು ಕ್ರಮಸಂಖ್ಯೆ ಒತ್ತುತ್ತಾನೆ. ಹೊಸ ಬಿಡಿಭಾಗ ಒಂದೂ ಸೇರಬಾರದು. ಯಾವುದೊಂದು ಮುಗಿದರೂ ಅಲ್ಲಿಗೆ ಆ ಸರಣಿ ಮುಕ್ತಾಯ. ಹೀಗೆ ಗುಜರಿಗೆ ಹೋಗಬೇಕಾದದ್ದು ಅಪರೂಪದ ವಸ್ತುವಾಗಿ ಹೆಡ್ಡರ ಕೈ ಸೇರುತ್ತದೆ.

ಆ ಹೆಡ್ಡರಲ್ಲಿ ನಾನೂ ಒಬ್ಬಳು. ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸಿ, ಆಸೆಯ ಅವಗುಣಗಳ ಬಗ್ಗೆ ಉದ್ದುದ್ದ ಭಾಷಣ ಬಿಗಿದು ನಿವೃತ್ತಳಾದವಳು. ನನ್ನ ಗಾಜಿನ ಕಪಾಟಿನಲ್ಲಿ ಎಲ್ಲ ಸರಣಿಗಳ ಚಾಕುಗಳೂ ಇವೆ, ಅದೂ ಪ್ರತಿಯೊಂದರಲ್ಲೂ ಏಳನೆಯದೇ. ಏಳೇ ಏಕೆಂದು ಕೇಳಬೇಡಿ. ಮೊದಲು ಸಿಕ್ಕಿದ್ದು ಏಳು, ಆಮೇಲೆ ಹಟ ಹಿಡಿಯಿತು. ಒಂದನ್ನೂ ಬಿಚ್ಚಿ ನೋಡಿಲ್ಲ. ಸೇಬು ಹೆಚ್ಚಲು ಅಡುಗೆಮನೆಯ ಮೊಂಡು ಚಾಕುವೇ ಗತಿ.

ಈ ಸಲ ಸ್ಪ್ರಿಂಗುಗಳು ಆರು ಚಾಕುಗಳಿಗೇ ಮುಗಿದುಹೋದವು. ಸುದ್ದಿ ಕೇಳಿದವಳೇ ತಮ್ಮನ ಮನೆಗೆ ಓಡಿದೆ.

"ಆರರಲ್ಲಿ ಒಂದಕ್ಕೆ ಏಳು ಅಂತ ಒತ್ತಿಬಿಡೋ," ಎಂದೆ.

"ಆರೇ ಚಾಕು ಇರೋವಾಗ ಏಳನೇದು ಎಲ್ಲಿಂದ ಬರುತ್ತಕ್ಕಾ?"

"ಯಾರು ಎಣಿಸ್ತಾರೆ?"

"ನಿನ್ನಂಥೋರೇ ಎಣಿಸೋದು."

ಅವನ ಹೆಂಡತಿ ಒಳಗಿನಿಂದಲೇ ನಕ್ಕಳು. "ಅತ್ತಿಗೆ, ಕಾಲೇಜಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಡ್ತಿದ್ರಾ?"

"ನೀನು ಸುಮ್ಮನಿರೇ. ಕಪಾಟಲ್ಲಿ ಒಂದು ಜಾಗ ಖಾಲಿ ಬಿದ್ರೆ ನಂಗೆ ನಿದ್ದೆ ಬರಲ್ಲ."

"ಅಲ್ಲೊಂದು ಹೂದಾನಿ ಇಡು," ಎಂದ ತಮ್ಮ.

ಮುಖ ಊದಿಸಿಕೊಂಡು ಮನೆಗೆ ಬಂದೆ. ಹೂದಾನಿ ಇಟ್ಟೂ ನೋಡಿದೆ. ಹಲ್ಲು ಬಿದ್ದ ಜಾಗಕ್ಕೆ ಸೀಮೆಸುಣ್ಣ ಸಿಕ್ಕಿಸಿದ ಹಾಗೆ ಕಂಡಿತು. ತಮ್ಮನೊಂದಿಗೆ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವನಿಗೆ ಗೊತ್ತಾಗಲಿ ಎಂದು ಆಗಾಗ ಫೋನ್ ಮಾಡಿ ತಿಳಿಸುತ್ತಲೂ ಇದ್ದೆ.

ಕೆಲವು ವಾರಗಳ ಬಳಿಕ ಒಂದು ಭಾನುವಾರ ಬೆಳಗ್ಗೆ ಅವನೇ ಬಂದ. ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಚಾಕುವೊಂದನ್ನು ಊಟದ ಮೇಜಿನ ಮೇಲಿಟ್ಟ. ಆ ಸರಣಿಯದೇ ಹಿಡಿ, ಅದೇ ಅಲಗು.

"ಹಿಡಿ, ಅಲಗು ಮಿಕ್ಕಿತ್ತು. ಯಜಮಾನರನ್ನ ಕೇಳಿ ತಂದೆ," ಎಂದ.

"ಸ್ಪ್ರಿಂಗು?"

"ಮನೇಲಿ ಕೂತು ಉಕ್ಕಿನ ಪಟ್ಟಿ ಉಜ್ಜಿ ಮಾಡ್ದೆ. ಅದು ಹೊಸದು. ಹಾಗಾಗಿ ಇದು ಸರಣಿಗೆ ಸೇರಲ್ಲ. ನಾನು ನಂಬರ್ ಒತ್ತಲ್ಲ."

"ನಂಬರಿಲ್ಲದ್ದನ್ನ ಇಟ್ಕೊಂಡು ನಾನೇನೋ ಮಾಡ್ಲಿ?"

"ಪೆನ್ಸಿಲ್ ಕೆತ್ತು."

ಚಾಕುವನ್ನು ತಿರುಗಿಸಿ ನೋಡಿದೆ. ಬುಡ ನುಣ್ಣಗೆ, ಖಾಲಿಯಾಗಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನು ಜೇಬಿನಿಂದ ಸಣ್ಣ ಸುತ್ತಿಗೆಯನ್ನೂ ಏಳರ ಅಚ್ಚನ್ನೂ ತೆಗೆದು ಮೇಜಿನ ಮೇಲಿಟ್ಟ.

"ಕೈ ತೊಳ್ಕೊಂಡು ಬರ್ತೀನಿ," ಎಂದ.

ಅವನ ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿಯನ್ನು ಪೂರ್ತಿ ತಿರುಗಿಸಿದ.